ಬೆನ್ನ ಮೇಲಿನ ಗ್ರೀಸು

ಮದ್ದೂರಿನಂಥ ಊರಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡವನಿಗೆ ನಗುವಂಥ ಪ್ರಸಂಗಗಳು ದಿನಕ್ಕೆರಡು ತಾವಾಗೇ ಹುಡುಕಿಕೊಂಡು ಬರುತ್ತವೆ, ನಗೋ ಮನಸ್ಸೇ ಇರೋದಿಲ್ಲ ಅಷ್ಟೇ. ಬೆಳಿಗ್ಗೆ ಒಬ್ಬರ ಹುಟ್ಟುಹಬ್ಬ, ಮಧ್ಯಾಹ್ನ ಇನ್ನೊಬ್ಬರ ಶ್ರದ್ಧಾಂಜಲಿ. ಎರಡಕ್ಕೂ ಅದೇ ಮಷೀನು, ಅದೇ ಇಂಕು. ಹುಟ್ಟುಹಬ್ಬದವರು ಹತ್ತು ಫೋಟೊ ತಂದು ಹತ್ತನ್ನೂ ಬದಲಾಯಿಸುತ್ತಾರೆ. ಸತ್ತವರ ಕಡೆಯವರು ಆಧಾರ್ ಕಾರ್ಡು ಕೊಟ್ಟು "ಇದ್ರಲ್ಲೇ ಮಾಡ್ಕೊಡಣ್ಣ" ಅಂತಾರೆ. ಆ ಕಾರ್ಡಿನ ಫೋಟೊದಲ್ಲಿ ಬದುಕಿರೋರೂ ಸತ್ತವರ ಹಾಗೇ ಕಾಣೋದರಿಂದ ನನಗೆ ಕೆಲಸ ಕಮ್ಮಿ.

ಈಗ ಹೇಳಹೊರಟಿದ್ದು ನನ್ನ ಪಕ್ಕದ ಶೆಡ್ಡಿನ ಮೆಕ್ಯಾನಿಕ್ ವಿಷಯ. ಬೈಕು, ವ್ಯಾನು, ಟ್ರ್ಯಾಕ್ಟರು, ಏನು ತಂದರೂ ರಿಪೇರಿ ಮಾಡುತ್ತಿದ್ದ. ಮಾಡುವ ಮೊದಲು ತಂದವನಿಗೆ ಬಾಯಿಗೆ ಬಂದಂಗೆ ಬಯ್ಯುತ್ತಿದ್ದ. ಬೈಗುಳ ಮುಗಿದ ಮೇಲೇ ಸ್ಪ್ಯಾನರು ಕೈಗೆ ಬರೋದು. ಅವನು ಹೋಗಿ ಎರಡು ತಿಂಗಳಾಯಿತು. ಆ ಶೆಡ್ಡಿನ ಷಟರು ನೋಡಿದರೆ ಈಗಲೂ ಬೈಗುಳ ಕೇಳಿಸೀತೇನೋ ಅಂತ ನಿಲ್ಲುತ್ತೇನೆ. ಅದಕ್ಕೇ ಬರೀತಿದ್ದೀನಿ.

ನಮ್ಮಿಬ್ಬರಿಗೂ ಒಂದೇ ಹುಚ್ಚು. ಬೆಂಗಳೂರಿನ ಒಂದು ರಾಕ್ ಬ್ಯಾಂಡು. ಕನ್ನಡದಲ್ಲೇ ಹಾಡೋರು, ನಾಲ್ಕು ಜನ. ಯಾರೋ ರಿಪೇರಿಗೆ ಬಿಟ್ಟ ಕಾರಿನಲ್ಲಿ ಅವರ ಸೀಡಿ ಸಿಕ್ಕಿತ್ತು. ಕಾರು ವಾಪಸ್ ಹೋಯಿತು, ಸೀಡಿ ಹೋಗಲಿಲ್ಲ. ಕವರಿನ ಮೇಲೆ ನಾಲ್ವರೂ ನಮಗೆ ಬೆನ್ನು ತಿರುಗಿಸಿಕೊಂಡು ಕಬ್ಬಿನ ಗದ್ದೆ ನೋಡುತ್ತಾ ನಿಂತಿದ್ದರು. ಮುಖ ಹೇಗಿದೆಯೋ ದೇವರೇ ಬಲ್ಲ. ಅವರನ್ನು ಒಂದು ಸಲ ಎದುರಿಗೆ ಕೇಳಬೇಕು, ಆಮೇಲೆ ನಾಲ್ಕು ಮಾತಾಡಬೇಕು ಅನ್ನೋದು ನಮ್ಮ ಆಸೆ.

೧. ರಸ್ತೆ ತಡೆ

ಹದಿನೈದು ವರ್ಷದ ಹಿಂದೆ ಅವರು ಮಂಡ್ಯಕ್ಕೆ ಬರುತ್ತಾರೆ ಅಂತ ಗೊತ್ತಾಯಿತು. ಸಂಜೆ ಆರಕ್ಕೆ ಕಾರ್ಯಕ್ರಮ. ನಾವಿಬ್ಬರೂ ಮಧ್ಯಾಹ್ನಕ್ಕೇ ಅಂಗಡಿ ಬಾಗಿಲು ಎಳೆದು, ಗಡ್ಡ ಕೆರೆದುಕೊಂಡು, ಇಸ್ತ್ರಿ ಶರ್ಟು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದರೆ, ಕಾವೇರಿ ನೀರಿಗಾಗಿ ರಸ್ತೆ ತಡೆ. ಟೈರು ಉರೀತಾ ಇದೆ, ಬಸ್ಸುಗಳು ಸಾಲಾಗಿ ನಿಂತಿವೆ. ನಾವೂ ಎರಡು ಸಲ ಧಿಕ್ಕಾರ ಕೂಗಿ ವಾಪಸ್ ಬಂದೆವು. ನೀರು ನಮಗೂ ಬೇಕಲ್ಲ.

ಶೆಡ್ಡಿನಲ್ಲಿ ಮುಖ ಊದಿಸಿಕೊಂಡು ಕೂತಿರುವಾಗ ಹಿಂದಿನ ಓಣಿಯಿಂದ ಒಂದು ವ್ಯಾನು ಬಂತು. ಬಾನೆಟ್ಟಿನಿಂದ ಹೊಗೆ. ಒಳಗೆ ಉದ್ದ ಕೂದಲಿನ ನಾಲ್ಕು ಜನ. ಹಿಂದೆ ದುಂಡು ದುಂಡಗೆ ಏನನ್ನೋ ಟಾರ್ಪಾಲಿನಲ್ಲಿ ಮುಚ್ಚಿದ್ದರು. ಚೌಟ್ರಿಗೆ ಹೊರಟ ಅಡುಗೆಯವರು, ಪಾತ್ರೆ ಸಾಗಿಸುತ್ತಿದ್ದಾರೆ ಅಂದುಕೊಂಡೆ.

ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ. ರೇಡಿಯೇಟರಿನಲ್ಲಿ ತೊಟ್ಟು ನೀರಿಲ್ಲ. ಕಾರ್ಯಕ್ರಮ ತಪ್ಪಿದ ಸಿಟ್ಟೆಲ್ಲ ಅವರ ಮೇಲೆ ಬಿತ್ತು.

"ಎಮ್ಮೆಗಾದ್ರೂವೆ ದಿನಕ್ಕೆರಡು ಸಲ ನೀರು ಕುಡಿಸ್ತಾರೆ. ಗಾಡಿಗೆ ಕುಡ್ಸಕ್ಕೇನ್ರುಲಾ ನಿಮ್ಗೆ ರೋಗ? ಕೂದ್ಲು ಬಿಟ್ಕಂಡ್ರೆ ಸಾಕಾ? ತಲೆ ಒಳಗೂ ಏನಾರ ಇರ್ಬೇಕು ತಾನೆ?"

ನಾಲ್ವರೂ ಮೇಷ್ಟ್ರ ಮುಂದೆ ನಿಂತ ಹುಡುಗರ ಹಾಗೆ ನಿಂತು ಕೇಳಿದರು. ಇವನು ಹೋಸ್ ಪೈಪು ಬದಲಾಯಿಸಿದ, ನೀರು ತುಂಬಿದ, ರಸ್ತೆ ತಡೆ ತಪ್ಪಿಸಿ ಹಳ್ಳಿ ಮೇಲೆ ಮಂಡ್ಯ ಸೇರೋ ದಾರಿ ಹೇಳಿದ. ಬಿಳಿ ಜುಬ್ಬಾ ಹಾಕಿದ್ದವನು ಮರ್ಯಾದೆಯಿಂದ "ನೀವೂ ಮಂಡ್ಯದ ಕಡೆ ಬರ್ತೀರಾ? ಗಾಡೀಲಿ ಜಾಗ ಇದೆ" ಅಂದ.

"ನಿಮ್ ಗಾಡೀಲಿ ಕೂತ್ಕಂಡ್ರೆ ದಾರೀಲಿ ನಾನೇ ತಳ್ಬೇಕಾಯ್ತದೆ. ನಡೀರಿ ನಡೀರಿ" ಅಂತ ಇವನು ಅವನ ಬೆನ್ನಿಗೆ ಪಟ್ಟಂತ ಒಂದು ಬಿಟ್ಟು ಕಳಿಸಿದ.

ಮಾರನೇ ದಿನದ ಪೇಪರಿನಲ್ಲಿ ಮಂಡ್ಯದ ಕಾರ್ಯಕ್ರಮದ ಫೋಟೊ ಬಂತು. ಹಾಡುಗಾರ ಸ್ಟೇಜಿನ ಮೇಲೆ ಜನಕ್ಕೆ ಬೆನ್ನು ತಿರುಗಿಸಿ ನಿಂತಿದ್ದಾನೆ. ಬಿಳಿ ಜುಬ್ಬಾದ ಮೇಲೆ ಕಪ್ಪಗೆ ಗ್ರೀಸಿನ ಒಂದು ಅಂಗೈ. ಉಂಗುರದ ಬೆರಳು ಅರ್ಧ ಮಾತ್ರ. ಮೆಕ್ಯಾನಿಕ್ ಪೇಪರು ನೋಡಿದ, ತನ್ನ ಬಲಗೈ ನೋಡಿಕೊಂಡ. ಅವನ ಉಂಗುರದ ಬೆರಳಿನ ತುದಿ ಎಂದೋ ಬೈಕಿನ ಚೈನಿಗೆ ಸಿಕ್ಕಿ ಹೋಗಿತ್ತು.

ಪೇಪರು ಮಡಚಿಟ್ಟು ಹೇಳಿದ: "ಹೆಂಗೋ, ಮಾತಾಡ್ಸಿದ್ವಲ್ಲ ಕಣ್ಲಾ."

೨. ಅರ್ಧ ಬೆರಳಿನ ಅರ್ಥ

ಆ ಕೈ ಗುರುತು ಜನಕ್ಕೆ ಹಿಡಿಸಿಬಿಟ್ಟಿತು. ಮುಂದಿನ ಸೀಡಿ ಕವರಿನ ಮೇಲೆ ಅದೇ ಬಂತು. ಆಮೇಲೆ ಬಿಳಿ ಟೀ ಶರ್ಟುಗಳ ಬೆನ್ನಿನ ಮೇಲೆ ಬಂತು. ಕಾಲೇಜು ಹುಡುಗರೆಲ್ಲ ನನ್ನ ಗೆಳೆಯನ ಕೈ ಹೊತ್ತುಕೊಂಡು ತಿರುಗತೊಡಗಿದರು.

ಒಂದು ದಿನ ಹಾಗೇ ಒಬ್ಬ ಹುಡುಗ ಫ್ಲೆಕ್ಸ್ ಮಾಡಿಸೋಕೆ ಬಂದ. ಮೆಕ್ಯಾನಿಕ್ ಅಲ್ಲೇ ಟೀ ಕುಡೀತಾ ಕೂತಿದ್ದ.

"ಆ ಬೆರಳ್ಯಾಕಪ್ಪ ಗಿಡ್ಡಕ್ಕದೆ?" ಅಂತ ಕೇಳಿದ, ಏನೂ ಗೊತ್ತಿಲ್ಲದವನ ಹಾಗೆ.

"ಅದು ಸಿಂಬಾಲಿಕ್ಕು ಅಂಕಲ್. ನಮ್ಮ ಸಮಾಜ ಅಪೂರ್ಣ ಅಂತ. ಇದರ ಮೇಲೆ ನಮ್ಮ ಮೇಡಮ್ಮು ಒಂದು ಗಂಟೆ ಸೆಮಿನಾರ್ ಕೊಟ್ಟರು."

"ಚೈನಿಗೆ ಸಿಕ್ಕಿದ್ದು ಕಣಪ್ಪ ಅದು. ನೋಡಿಲ್ಲಿ" ಅಂತ ಇವನು ಕೈ ತೋರಿಸಿದ.

ಹುಡುಗ ಕೈ ನೋಡಿ, ನನ್ನ ಕಡೆ ತಿರುಗಿ, ಮೆಲ್ಲಗೆ "ಪಾಪ, ಫ್ಯಾನಾಗಿ ಬೆರಳೇ ಕತ್ತರಿಸ್ಕೊಂಡಿದ್ದಾರಾ?" ಅಂದ.

ಮನೆಯಲ್ಲೂ ಅಷ್ಟೇ. ಇವನು ಹೆಂಡತಿಗೆ "ಬೆಂಗ್ಳೂರ್ ಬ್ಯಾಂಡ್ನೋರ ಬಟ್ಟೆ ಮೇಲೆ ನನ್ ಕೈ ಅದೆ ಕಣೇ" ಅಂದರೆ, ಆ ತಾಯಿ ತಲೆ ಕೂಡ ಎತ್ತದೆ ಹೇಳಿದ್ದು ಇಷ್ಟೇ: "ನನ್ ಸೀರೆ ಮೇಲೂ ಅದೆ. ಗೋಡೆ ಮೇಲೂ ಅದೆ. ಓಗಿ ಸೋಪಾಕಿ ತೊಳ್ಕಳಿ."

೩. ಕಿರುಗಾವಲಿನ ಗುರು

ಎರಡನೇ ಸಲ ಬ್ಯಾಂಡು ಮೈಸೂರಿಗೆ ಬಂತು. ಮಳವಳ್ಳಿಗೆ ನಾನೊಂದು ಫ್ಲೆಕ್ಸ್ ತಲುಪಿಸಬೇಕಿತ್ತು. ಅದನ್ನು ಕೊಟ್ಟು ಅಲ್ಲಿಂದಲೇ ಮೈಸೂರಿನ ದಾರಿ ಹಿಡಿಯೋಣ ಅಂತ ಇವನ ಬೈಕಿನಲ್ಲೇ ಹೊರಟೆವು. ಊರಿನವರ ಗಾಡಿ ಎಲ್ಲ ರಿಪೇರಿ ಮಾಡುತ್ತಿದ್ದವನು ತನ್ನ ಬೈಕು ಮುಟ್ಟಿ ಎಷ್ಟು ವರ್ಷವಾಗಿತ್ತೋ. ಕಿರುಗಾವಲಿಗೆ ಬರುವಷ್ಟರಲ್ಲಿ ಅದು ಕೆಮ್ಮಿ ಕೆಮ್ಮಿ ನಿಂತೇಹೋಯಿತು. ಇವನ ಟೂಲ್ಸು ಮದ್ದೂರಿನಲ್ಲಿ.

ಅಲ್ಲೇ ಒಂದು ಗ್ಯಾರೇಜಿಗೆ ತಳ್ಳಿಕೊಂಡು ಹೋದೆವು. ವಯಸ್ಸಾದ ಸಾಬರು. ಕನ್ನಡಕ ಏರಿಸಿ ಎಂಜಿನ್ ನೋಡಿದರು. ಎಲ್ಲ ಮೆಕ್ಯಾನಿಕ್ಕುಗಳೂ ಮೊದಲು ಕೇಳೋ ಪ್ರಶ್ನೆಯನ್ನೇ ಕೇಳಿದರು:

"ಯಾರಿದು ಮುಟ್ಟಿದ್ದು ಈ ಗಾಡೀನ?"

ಇವನು ಬಗ್ಗಿ ಟೈರಿನ ಗಾಳಿ ಒತ್ತಿ ನೋಡತೊಡಗಿದ.

"ಕೇಳ್ತಿರೋದು ನಿಮ್ಗೇನೇ. ಯಾವ ಬೇಕೂಫ ಮುಟ್ಟಿದ್ದು? ಕಾರ್ಬೊರೇಟರಿಗೆ ಸುತ್ಲಿ ದಾರ ಕಟ್ಟವ್ನಲ್ರೀ! ಅಂಥವನ ಕೈಗೆ ಗಾಡಿ ಕೊಟ್ಟಿದ್ದೀರಲ್ಲ, ನಿಮ್ಗೆ ಬುದ್ಧಿ ಅದ್ಯಾ?"

"ಮದ್ದೂರಲ್ಲಿ ಒಬ್ಬ ಅವ್ನೆ" ಅಂದ ಇವನು, ನೆಲ ನೋಡುತ್ತಾ.

"ಇನ್ಮೇಲೆ ಆ ಕಳ್ಳನ ಹತ್ರ ಹೋಗ್ಬೇಡಿ."

"ಇಲ್ಲ, ಓಗಲ್ಲ."

ನಾನು ಪಕ್ಕದ ಅಂಗಡಿಯ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕು ಬಂದೆ. ಬೈಕು ಸರಿಯಾಗಿ ಮೈಸೂರು ಸೇರುವಷ್ಟರಲ್ಲಿ ಬ್ಯಾಂಡಿನವರು ಹೊರಟುಹೋಗಿದ್ದರು. ಖಾಲಿ ಕುರ್ಚಿ ಎತ್ತಿಡುತ್ತಿದ್ದರು. ವಾಪಸ್ ಬರುತ್ತಾ ಮದ್ದೂರು ಹತ್ತಿರವಾದಾಗ ಇವನು ಹೇಳಿದ: "ಒಳ್ಳೇ ಮೆಕ್ಯಾನಿಕ್ಕು ಕಣ್ಲಾ ಆ ಸಾಬ್ರು. ಏನ್ ಚೆನ್ನಾಗ್ ಬೈತಾರೆ!"

೪. ಫೋಟೊ ಸರಿಯಿಲ್ಲ

ಎರಡು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಹೋದವು. ವಾರಕ್ಕೆ ಮೂರು ದಿನ ಮಂಡ್ಯಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರು ಒಂದು ಸಣ್ಣ ಬಾಟಲಿಯ ಅರ್ಧಕ್ಕೆ ಗೆರೆ ಹಾಕಿಕೊಟ್ಟಿದ್ದರು. ರೇಡಿಯೇಟರಿಗೆ ಬಿಂದಿಗೆಗಟ್ಟಲೆ ಸುರಿಯುತ್ತಿದ್ದವನು ಆ ಗೆರೆ ನೋಡುತ್ತಾ ಕೂರುವುದನ್ನು ನನ್ನ ಕೈಲಿ ನೋಡೋಕಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಕಂಪ್ಯೂಟರ್ ಪಕ್ಕ ಕೂತ.

"ನಂದೊಂದು ಮಾಡ್ಲಾ."

"ನಿಂದೇನು?"

"ಸ್ರದ್ಧಾಂಜಲಿ. ಡಿಸೈನು ಇವಾಗ್ಲೇ ತೋರ್ಸು. ಆಮೇಲೆ ನೀನು ಅಳ್ತಾ ಕೂತ್ಕಂಡು ಕೆಟ್ಟದಾಗಿ ಮಾಡ್ತೀಯ."

ನಾನು ಬೈದೆ. ಅವನು ಜಗ್ಗಲಿಲ್ಲ. ಹೋಗಲಿ, ಸಮಾಧಾನವಾಗಲಿ ಅಂತ ಅವನ ಆಧಾರ್ ಕಾರ್ಡಿನ ಫೋಟೊ ಹಾಕಿ, ಆಚೆ ಈಚೆ ದೀಪ, ಸುತ್ತ ಹೂವಿನ ಹಾರ ಇಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದ.

"ಬ್ಯಾಡ ಕಣ್ಲಾ. ಸತ್ತೋನಂಗ್ ಕಾಣ್ತೀನಿ."

ಮದುವೆ ಫೋಟೊ ತಂದ. ಅದರಲ್ಲಿ ಅವನ ಹೆಂಡತಿ ಅಳುತ್ತಿದ್ದಳು. "ಇದನ್ನಾಕಿದ್ರೆ ಅವ್ಳಿಗೆ ಮುಂಚೇನೇ ಗೊತ್ತಿತ್ತು ಅಂತಾರೆ" ಅಂತ ಅದನ್ನೂ ಬೇಡವೆಂದ. ಕೊನೆಗೆ ನಿಜ ವಿಷಯ ಬಾಯಿಬಿಟ್ಟ.

"ನೋಡ್ಲಾ, ನಮ್ಗೆ ಮಕ್ಳಿಲ್ಲ. ನಾನು ಬೈಯ್ದೆ ಇರೋ ಮನ್ಸ ಈ ಊರಲ್ಲಿಲ್ಲ. ನನ್ ತಿಥಿಗೆ ಯಾವನ್ ಬತ್ತಾನೆ? ಅವ್ಳು ಅಷ್ಟ್ ಎಲೆ ಹಾಕ್ಕಂಡು ಒಬ್ಳೇ ಕೂತಿರ್ತಾಳೆ. ಬ್ಯಾಂಡ್ನೋರ ಜೊತೆ ನಂದೊಂದು ಫೋಟೊ ಇದ್ರೆ, ಅದನ್ನಾಕು. ಇವ್ನ್ಯಾರಪ್ಪಾ ಅಂತಾದ್ರೂ ನಾಕ್ ಜನ ಬತ್ತಾರೆ."

ಮಾತು ಬೇರೆ ಕಡೆ ತಿರುಗಿಸೋಣ ಅಂತ, ಕೆಳಗೆ ಏನು ಬರೆಯಲಿ ಅಂತ ಕೇಳಿದೆ. ಎಲ್ಲರದಕ್ಕೂ ನಾನು ಹಾಕೋದು "ಮತ್ತೆ ಹುಟ್ಟಿ ಬನ್ನಿ" ಅಂತ.

"ಅದೊಂದು ಬ್ಯಾಡ. ಇದೇ ಊರಲ್ಲಿ ಹುಟ್ಟುದ್ರೆ ಮತ್ತೆ ಇವೇ ಗಾಡಿಗಳು."

೫. ಸ್ಟೋರೇಜ್ ಫುಲ್

ಹೋದ ವರ್ಷ ಬ್ಯಾಂಡು ಮತ್ತೆ ಮಂಡ್ಯಕ್ಕೆ ಬಂತು. ಕಾಲೇಜು ಮೈದಾನ, ಸಂಜೆ ಐದಕ್ಕೆ. ಆವತ್ತು ಬೆಳಿಗ್ಗೆ ತಾನೇ ಡಯಾಲಿಸಿಸ್ ಆಗಿತ್ತು. ಸುಸ್ತಾಗಿದ್ದ. "ಬೇಡ ಬಿಡು" ಅಂದರೆ, "ಆಸ್ಪತ್ರೆ ಇರಾದೂ ಮಂಡ್ಯದಲ್ಲೇ, ಬ್ಯಾಂಡ್ ಇರಾದೂ ಮಂಡ್ಯದಲ್ಲೇ. ಒಂದೇ ಬಸ್ ಚಾರ್ಜಲ್ಲಿ ಎಲ್ಡೂ ಆಯ್ತದೆ" ಅಂದ.

ಅಬ್ಬಾ, ಆ ಎರಡು ಗಂಟೆ! ಮೊದಲ ಹಾಡಿಗೇ ನೆಲ ನಡುಗಿತು. ನಮ್ಮ ಮುಂದೆ ನೂರಾರು ಹುಡುಗರು, ಎಲ್ಲರ ಬೆನ್ನ ಮೇಲೂ ಇವನ ಕೈ. ಎಲ್ಲರೂ ಕುಣಿಯುತ್ತಿದ್ದರೆ ಆ ಕೈಗಳೂ ಕುಣಿಯುತ್ತಿದ್ದವು. ಇವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಊದಿಕೊಂಡ ತನ್ನ ಬಲಗೈಯನ್ನು ತೊಡೆ ಮೇಲೆ ಇಟ್ಟುಕೊಂಡು, ಒಂದೊಂದು ಹಾಡಿನ ಒಂದೊಂದು ಸಾಲನ್ನೂ ಹೇಳಿದ. ಅವನ ಕಣ್ಣಲ್ಲಿ ನೀರು. ಡಾಕ್ಟರು ಅದಕ್ಕೆ ಲೆಕ್ಕ ಇಟ್ಟಿರಲಿಲ್ಲ.

ಮುಗಿದ ಮೇಲೆ ಸ್ಟೇಜಿನ ಹಿಂದೆ ಹೋದೆವು. ನಾಲ್ವರೂ ಟವೆಲ್ಲು ಹೊದ್ದು ಕೂತಿದ್ದರು, ಅವರ ತಲೆಯೂ ನರೆತಿತ್ತು. ನಾನು ಮುಂದೆ ಹೋಗಿ, "ಸರ್, ನಿಮ್ಮ ಟೀ ಶರ್ಟಿನ ಮೇಲಿರೋ ಕೈ ಇವನದೇ" ಅಂದೆ.

ಹಾಡುಗಾರ ನಕ್ಕ. ಒಳ್ಳೇ ಮನುಷ್ಯ, ಬೇಜಾರು ಮಾಡಿಸಬಾರದು ಅಂತ ನಕ್ಕ. "ಸರ್, ತಪ್ಪು ತಿಳೀಬೇಡಿ. ಹೋದ ಕಡೆಯೆಲ್ಲ ಒಬ್ಬರು ಹೀಗೇ ಹೇಳ್ತಾರೆ. ದಾವಣಗೆರೆಯಲ್ಲಿ ಒಬ್ಬರು ಬೆರಳಿಗೆ ಟೇಪು ಸುತ್ಕೊಂಡು ಬಂದಿದ್ದರು."

ನಾನು ಹಾಡುಗಾರನ ಟವೆಲ್ಲು ಸರಿಸಿ, ಇವನ ಕೈ ಹಿಡಿದು ಅವನ ಟೀ ಶರ್ಟಿನ ಬೆನ್ನಿನ ಗುರುತಿನ ಮೇಲೆ ಇಟ್ಟೆ. ಕೂರಲಿಲ್ಲ. ಕಾಯಿಲೆಗೆ ಕೈ ಊದಿ ಗುರುತಿಗಿಂತ ಒಂದೂವರೆ ಪಟ್ಟು ಆಗಿತ್ತು. ಅರ್ಧ ಬೆರಳು ಕೂಡ ದಪ್ಪಗಾಗಿ ಬೇರೆ ಯಾರದೋ ಥರ ಕಾಣಿಸುತ್ತಿತ್ತು. ಇವನು ಕೈ ಹಿಂದಕ್ಕೆ ಎಳೆದುಕೊಂಡ. ಅವನ ಮುಖ ನೋಡಿ ನನಗೆ ಸಾಯೋ ಹಾಗಾಯಿತು. ಯಾಕಾದರೂ ಕರೆತಂದೆನೋ ಅನ್ನಿಸಿತು.

"ಕೂತ್ಕೊಳ್ಳಿ ಅಂಕಲ್, ತುಂಬ ಸುಸ್ತಾಗಿದ್ದೀರ. ನೀರು ಕುಡೀರಿ" ಅಂತ ಹಾಡುಗಾರ ಒಂದು ಬಾಟಲಿ ಕೊಟ್ಟ.

"ಬ್ಯಾಡ."

"ಸ್ವಲ್ಪ ಕುಡೀರಿ, ಪರವಾಗಿಲ್ಲ."

"ಬ್ಯಾಡ ಅಂದ್ನಲ್ಲ."

"ಒಂದು ಗುಟುಕು…"

ಇವನ ತಾಳ್ಮೆ ತಪ್ಪಿತು. "ನಂಗೇನ್ ಕುಡಿಸ್ತೀರಿ? ಗಾಡಿಗೆ ಕುಡ್ಸಿದ್ದೀರಾ? ಎಮ್ಮೆಗಾದ್ರೂವೆ ದಿನಕ್ಕೆರಡು ಸಲ ನೀರು ಕುಡಿಸ್ತಾರೆ…"

ಮೂಲೆಯಲ್ಲಿ ಕೂತಿದ್ದ ಡ್ರಮ್ಮಿನವನು ಎದ್ದು ನಿಂತ. ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ಮೆಲ್ಲಗೆ, ಪಾಠ ಒಪ್ಪಿಸೋ ಹುಡುಗನ ಹಾಗೆ ಮುಂದಿನದನ್ನು ಅವನೇ ಹೇಳಿದ: "ಗಾಡಿಗೆ ಕುಡ್ಸಕ್ಕೇನ್ರುಲಾ ನಿಮ್ಗೆ ರೋಗ."

"ಕೂದ್ಲು ಬಿಟ್ಕಂಡ್ರೆ ಸಾಕಾ" ಅಂದ ಹಾಡುಗಾರ. "ಹದಿನಾಲ್ಕು ವರ್ಷದಿಂದ ಪ್ರತಿ ಸಲ ವ್ಯಾನು ಹತ್ತೋ ಮುಂಚೆ ಇದನ್ನ ಹೇಳ್ಕೊಂಡೇ ಹತ್ತೋದು ಅಣ್ಣ ನಾವು."

ಅಂಕಲ್ ಹೋಗಿ ಅಣ್ಣ ಆಗಿತ್ತು. ನಾಲ್ವರೂ ಇವನನ್ನು ತಬ್ಬಿಕೊಂಡರು. ಆಮೇಲೆ ಅರ್ಧ ಗಂಟೆ ಅದೂ ಇದೂ ಮಾತಾಡಿದರು. ಹಾಡಿನ ವಿಷಯ ಒಂದಕ್ಷರ ಇಲ್ಲ. ಹೊಸ ವ್ಯಾನಿನ ಕ್ಲಚ್ಚು, ಎಂಜಿನ್ ಆಯಿಲು, ಡ್ರೈವರು ಗೇರ್ ಹಾಕೋ ರೀತಿ. ಇವನು ಎಲ್ಲದಕ್ಕೂ ಬೈದ, ಅವರು ಎಲ್ಲವನ್ನೂ ಸಂತೋಷದಿಂದ ಬೈಸಿಕೊಂಡರು.

ಫೋಟೊ ತೆಗೆಯೋಣ ಅಂತ ಮೊಬೈಲು ಎತ್ತಿದರೆ ಸ್ಟೋರೇಜ್ ಫುಲ್. ಮೊಬೈಲ್ ತುಂಬ ಫ್ಲೆಕ್ಸಿಗೆ ಬಂದ ಸತ್ತವರ ಫೋಟೊ. ಮಳವಳ್ಳಿಯ ಒಬ್ಬ ತಾತನನ್ನು ಅಳಿಸಿ ಒಂದು ಫೋಟೊಗೆ ಜಾಗ ಮಾಡಿದೆ. ಅವರು ಸೀಡಿ ಕವರಿನ ಹಾಗೇ ಬೆನ್ನು ತಿರುಗಿಸಿ ನಿಂತರು, ಇವನು ಹಾಡುಗಾರನ ಬೆನ್ನ ಮೇಲೆ ಕೈ ಇಟ್ಟ. ನಾನು ಒತ್ತಿದೆ.

ಬಸ್ಸಿನಲ್ಲಿ ಫೋಟೊ ನೋಡಿದ. ಐದು ಬೆನ್ನು, ಒಂದು ಕೈ.

"ಲೇ, ನನ್ ಮಖ ಎಲ್ಲೋ?"

ನಾನು ಮೊಬೈಲು ಕಿತ್ತುಕೊಂಡು ಹಿಗ್ಗಿಸಿ ಹಿಗ್ಗಿಸಿ ಹುಡುಕಿದೆ. ಅವನೇ ಸಮಾಧಾನ ಮಾಡಿದ: "ಇರ್ಲಿ ಬುಡು. ಮಖ ಕಂಡಿದ್ರೆ ಬರೋರೂ ಬತ್ತಿರ್ಲಿಲ್ಲ."

೬. ಎಲೆ ಸಾಲಲಿಲ್ಲ

ಅವನು ಹೋದ ದಿನ ನಾನೇ ಫ್ಲೆಕ್ಸ್ ಮಾಡಿದೆ. ಅವನು ಹೇಳಿದ ಹಾಗೇ ಅಳುತ್ತಾ ಮಾಡಿದೆ, ಅವನು ಹೇಳಿದ ಹಾಗೇ ಕೆಟ್ಟದಾಗಿ ಆಯಿತು. ಐದು ಬೆನ್ನಿಗೂ ಸೇರಿಸಿ ಒಂದೇ ಹಾರ ಹಾಕಿದ್ದೆ. ಹಾರದ ನಟ್ಟನಡುವೆ ಬಂದದ್ದು ಹಾಡುಗಾರನ ಬೆನ್ನು. ಮೇಲೆ ದಪ್ಪಗೆ "ಭಾವಪೂರ್ಣ ಶ್ರದ್ಧಾಂಜಲಿ". ಇವನ ಹೆಸರು ಕೆಳಗೆ ಸಣ್ಣಗೆ, ಅದರ ಮೇಲೆ ಕಂಬದ ಹಗ್ಗ ಬೇರೆ ಕಟ್ಟಿದ್ದೆ. ಮದ್ದೂರಿನ ಸರ್ಕಲ್ಲಿನಲ್ಲಿ ಒಂದು, ಇವನ ಹುಟ್ಟೂರು ಹೊಳಲಿನಲ್ಲಿ ಒಂದು ನಿಲ್ಲಿಸಿ ಮನೆಗೆ ಬಂದು ಮಲಗಿದೆ.

ಮಾರನೇ ಬೆಳಿಗ್ಗೆ ಮದ್ದೂರಿನ ಫ್ಲೆಕ್ಸ್ ಮುಂದೆ ಹುಡುಗರು ಬೈಕು ನಿಲ್ಲಿಸಿಕೊಂಡು ಅಳುತ್ತಿದ್ದರು. ಯಾರೋ ಅದರ ಫೋಟೊ ಹೊಡೆದು ಮೊಬೈಲಿನಲ್ಲಿ ಹರಿಬಿಟ್ಟಿದ್ದರು. ಮಧ್ಯಾಹ್ನಕ್ಕೆ ಫ್ಲೆಕ್ಸಿನ ಮೂಲೆಯಲ್ಲಿದ್ದ ನನ್ನ ಅಂಗಡಿ ನಂಬರಿಗೆ ಬೆಂಗಳೂರಿಂದ ಫೋನು.

"ಅಣ್ಣ, ನಾನು ಬ್ಯಾಂಡಿನ ಹಾಡುಗಾರ ಮಾತಾಡ್ತಿರೋದು. ನನ್ನ ಹೆಂಡತಿಗೆ ಬೆಳಿಗ್ಗೆಯಿಂದ ಎಲ್ಲರೂ ಸಮಾಧಾನ ಹೇಳ್ತಿದ್ದಾರೆ. ನಾನು ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದೀನಿ. ಏನು ವಿಷಯ?"

ಹೇಳಿದೆ. ಸಂಜೆ ಅವನು ಒಂದು ವಿಡಿಯೊ ಹಾಕಿದ. "ನಾನು ಬದುಕಿದ್ದೀನಿ. ಹೋದವರು ಆ ಕೈಯವರು" ಅಂತ ಶುರು ಮಾಡಿ, ರಸ್ತೆ ತಡೆಯ ಕಥೆ ಪೂರ್ತಿ ಹೇಳಿದ. ಬೈಗುಳವನ್ನೂ ಬಿಡಲಿಲ್ಲ. ತಿಥಿ ಎಂದು, ಎಲ್ಲಿ ಅನ್ನೋದನ್ನೂ ಹೇಳಿದ.

ಇದೊಂದೂ ಇವನ ಹೆಂಡತಿಗೆ ಗೊತ್ತಿಲ್ಲ. ಆ ತಾಯಿ ಹೊಳಲಿನಲ್ಲಿ ಫೋನು ಮುಟ್ಟದೆ ಮೂಲೆ ಹಿಡಿದು ಕೂತಿದ್ದಳು. ಹನ್ನೊಂದನೇ ದಿನದ ತಿಥಿಗೆ ಎಷ್ಟು ಜನಕ್ಕೆ ಅಡುಗೆ ಅಂತ ಕೇಳಿದರೆ, "ಅರವತ್ತಕ್ಕೆ ಸಾಕು ಕಣಣ್ಣ. ಅದೇ ಮಿಕ್ತದೆ" ಅಂದಳು. ನಾನು ಹಟ ಮಾಡಿ ನೂರಕ್ಕೆ ಹೇಳಿಸಿದೆ.

ತಿಥಿಯ ದಿನ ಇವನಿಗೆ ಎಡೆ ಇಟ್ಟು ಮುಗಿಸಿ, ಮೊದಲ ಪಂಕ್ತಿಗೆ ಎಲೆ ಹಾಕಿದೆವು. ನೆಂಟರು ಇಪ್ಪತ್ತು ಜನ ಕೂತರು. ಉಳಿದ ಎಲೆ ಖಾಲಿ. ಇವನ ಹೆಂಡತಿ ಬಾಗಿಲಲ್ಲಿ ನಿಂತು ಆ ಖಾಲಿ ಎಲೆಗಳನ್ನೇ ನೋಡುತ್ತಿದ್ದಳು. ಅವನು ಹೆದರಿದ್ದು ಇದಕ್ಕೇ.

ಆಗ ಮಂಡ್ಯದ ದಾರಿಯಿಂದ ಬೈಕಿನ ಸದ್ದು ಕೇಳಿಸಿತು. ಒಂದಲ್ಲ, ಎರಡಲ್ಲ. ಊರ ಬಾಗಿಲಿನಿಂದ ಮನೆಯವರೆಗೂ ಬೈಕು. ಹಿಂದೆ ಒಂದು ವ್ಯಾನು, ಅದರಿಂದ ನರೆತ ತಲೆಯ ನಾಲ್ವರು ಇಳಿದರು. ನೂರಕ್ಕೆ ಮಾಡಿದ ಮುದ್ದೆ ಮೂರು ಪಂಕ್ತಿಗೆ ಮುಗಿಯಿತು. ಬಾಡಿನ ಸಾರಿಗೆ ನೀರು ಸುರಿದು ಸುರಿದು ಕೊನೆಗೆ ಅದರಲ್ಲಿ ಮುಖ ಕಾಣುತ್ತಿತ್ತು. ಎಲೆ ಸಾಲದೆ ಪಕ್ಕದ ತೋಟದಿಂದ ಕೊಯ್ದು ತಂದೆವು. ನನಗೆ ಸಿಕ್ಕಿದ್ದು ಅನ್ನ, ನೀರು ಸಾರು. ಆದರೂ ಅಷ್ಟು ಹೊಟ್ಟೆ ತುಂಬಿದ್ದು ನನಗೆ ನೆನಪಿಲ್ಲ.

ಹುಡುಗರು ಸಾಲಾಗಿ ಕೂತು ಉಣ್ಣುತ್ತಿದ್ದರು. ಇವನ ಹೆಂಡತಿ ಸಾರಿನ ಬಕೀಟು ಹಿಡಿದು ಅವರ ಹಿಂದೆ ಬಂದವಳು ಗಕ್ಕನೆ ನಿಂತಳು. ಸಾಲಿನ ಆ ತುದಿಯಿಂದ ಈ ತುದಿಯವರೆಗೂ ಬಿಳಿ ಬೆನ್ನು, ಬೆನ್ನಿಗೊಂದು ಕಪ್ಪು ಕೈ, ಕೈಗೊಂದು ಅರ್ಧ ಬೆರಳು. ಗಂಡನ ಕೈ ಆಕೆಗೆ ಯಾರೂ ತೋರಿಸಿಕೊಡಬೇಕಾಗಿರಲಿಲ್ಲ.

"ಅಯ್ಯೋ ನಮ್ಮಪ್ಪನೇ! ಇಷ್ಟ್ ಜನದ ಬಟ್ಟೇನೂ ಹಾಳ್ ಮಾಡವ್ರಾ ಇವ್ರು!" ಅಂದಳು.

ನಾನು ವಿಷಯ ಹೇಳುವಷ್ಟರಲ್ಲಿ ಆಕೆ ಬಕೀಟು ಕೆಳಗಿಟ್ಟು, ಕೊನೆಯಲ್ಲಿ ಕೂತಿದ್ದ ಹುಡುಗನ ಬೆನ್ನು ಮುಟ್ಟಿದಳು. ಆ ಅರ್ಧ ಬೆರಳಿನ ಮೇಲೆ ತನ್ನ ಬೆರಳು ಇಟ್ಟು, ಸೆರಗು ನೀರಿಗೆ ಅದ್ದಿ ಒಂದೆರಡು ಸಲ ಉಜ್ಜಿದಳು. ಹುಡುಗ ಗಾಬರಿಯಾಗಿ ತಿರುಗಿದ.

"ಇದು ಓಗಲ್ಲ ಕಣ್ ಮಗ" ಅಂದಳು. "ನಾನು ಇಪ್ಪತ್ತೆರಡು ವರ್ಸ ಉಜ್ಜಿ ನೋಡಿವ್ನಿ."